ಹಾರುವ ಬಾತಿಗೆ ಗುರಿಯಿಡುವ ಕ್ರಮ

ಪ್ರತಿವರ್ಷವೂ ಕಾರ್ತಿಕಮಾಸ ಕಳೆಯುವಷ್ಟರಲ್ಲಿ ರಾಯದುರ್ಗ, ಮಡಕಶಿರಾ ಪ್ರಾಂತದ ತರುಣರು ತಮ್ಮೂರ ಕೆರೆಗಳಲ್ಲಿ ತೆಗೆದ ಬಾತುಗಳ ಛಾಯಾಚಿತ್ರಗಳು ಈ ಲೇಖಕನ ಕೈಸೇರತೊಡಗುತ್ತವೆ. ನೀರಮೇಲೆ ತೇಲುವ ಹಕ್ಕಿಯ ಚಿತ್ರಗಳು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತವೆ. ಆದರೆ ಹಾರುವ ಹಕ್ಕಿಯವೆಂದು ಕಳುಹಿಸಿದವುಗಳಲ್ಲಿ ಬಹುಪಾಲು ಒಂದೇ ಬಗೆಯ ದೋಷದಿಂದ ಕೂಡಿರುತ್ತವೆ: ಚೌಕಟ್ಟಿನ ತುಂಬ ಬರಿಯ ಆಕಾಶ, ಅದರ ಒಂದಂಚಿನಲ್ಲಿ ಹೊರಟುಹೋಗುತ್ತಿರುವ ಒಂದು ಬಾಲ. ಇದಕ್ಕೆ ಕ್ಯಾಮೆರಾವನ್ನು ದೂರಿ, ಸಾಲಮಾಡಿ ದೊಡ್ಡ ಲೆನ್ಸನ್ನು ಕೊಂಡು, ಅದರಲ್ಲಿಯೂ ಬಾಲವನ್ನೇ ಹಿಡಿದವರುಂಟು. ಕೋವಿ ಹಿಡಿದು ಕೆರೆಯಂಗಳಕ್ಕಿಳಿಯುತ್ತಿದ್ದ ಹಿಂದಿನ ಶಿಕಾರಿಗಳು ಈ ದೋಷದ ಮೂಲವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಅವರ ಆ ಒಂದು ವಿದ್ಯೆಯನ್ನಷ್ಟೇ ಎರವಲು ಪಡೆದು, ಉಳಿದುದನ್ನು ಅವರಿಗೇ ಬಿಡುವುದು ಲೇಸು.

ಕೋವಿಯ ಮಾತು ಬಂದುದರಿಂದ ಮೊದಲೇ ಸ್ಪಷ್ಟಪಡಿಸಿಬಿಡುತ್ತೇನೆ. 1938ರ ನವೆಂಬರ್ 12ರಂದು ಭರತಪುರದ ಜೌಗಿನಲ್ಲಿ ವೈಸರಾಯ್ ಲಿನ್‌ಲಿತ್‌ಗೋ ಮತ್ತವರ ಪರಿವಾರದವರು ಒಂದೇ ದಿನ 4,273 ಹಕ್ಕಿಗಳನ್ನು ಕೆಡವಿದ ಲೆಕ್ಕ ಕಲ್ಲಿನಮೇಲೆ ಕೆತ್ತಲ್ಪಟ್ಟು ಇಂದಿಗೂ ಅಲ್ಲಿಯೇ ಇದೆ. ಆ ಯುಗ ಮುಗಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಪರವಾನಿಗೆಯ ಬೇಟೆಗೆ ಉಳಿಸಿದ್ದ ಸಂದುಗಳನ್ನೂ 1991ರ ತಿದ್ದುಪಡಿ ಮುಚ್ಚಿತು. ಏರ್‌ಗನ್ನಾಗಲಿ, ಬಲೆಯಾಗಲಿ, ವಿಷ ಬೆರೆಸಿದ ಕಾಳಾಗಲಿ ಎಲ್ಲವೂ ಬೇಟೆಯೆಂದೇ ಗಣ್ಯ, ಸೆರೆವಾಸಕ್ಕೆ ಅರ್ಹ. ಗಡಿ ದಾಟಿ ಕರ್ನಾಟಕದ ಪಾವಗಡದ ಕಡೆಗೋ ಬಳ್ಳಾರಿಯ ಕಡೆಗೋ ಹೋದರೆ ಬೇರೆ ಕಾನೂನು ಇದ್ದೀತೆಂದು ಭಾವಿಸಿರುವ ಕೆಲವರಿಗೆ ತಿಳಿಯಹೇಳಬೇಕಾದುದೇನೆಂದರೆ, ಅಲ್ಲಿಯೂ ಇದೇ ಕೇಂದ್ರದ ಕಾಯಿದೆ. ಆದುದರಿಂದ ಮುಂದೆ 'ಹೊಡೆಯುವುದು' ಎಂದಲ್ಲೆಲ್ಲ ಕ್ಯಾಮೆರಾದಿಂದ ಎಂದೇ ತಿಳಿಯತಕ್ಕುದು.

ಹೊಡೆಯಲು ಅತಿ ಕಠಿನವಾದ ಬಾತು ಯಾವುದು ಎಂಬ ವಿವಾದ ಶಿಕಾರಿಗಳಲ್ಲಿ ಬಹುಕಾಲದಿಂದ ನಡೆದುಬಂದದ್ದು. ವೇಗವೊಂದನ್ನೇ ಗಣಿಸುವುದಾದರೆ ಸೂಜಿಬಾಲದ ಬಾತಿಗೆ ಪಟ್ಟಕಟ್ಟಬೇಕಾದೀತು. ಆದರೆ ಅದು ದೊಡ್ಡ ಹಕ್ಕಿ, ನೇರವಾಗಿ ಹಾರುವ ಹಕ್ಕಿ, ಬರುವುದು ದೂರದಿಂದಲೇ ಕಾಣುತ್ತದೆ. ವರಟೆ ಸ್ಥೂಲಕಾಯದ್ದು, ನೀರಿನಿಂದೇಳುವಾಗ ನಿಮಗೆ ಅವಕಾಶ ಕೊಟ್ಟೇ ಏಳುತ್ತದೆ. ಶಿಳ್ಳೆಬಾತಿನ ಹಾರಾಟವಂತೂ ಮಂದ. ಬರುತ್ತಿರುವೆನೆಂದು ಶಿಳ್ಳೆ ಹಾಕಿಕೊಂಡೇ ಬರುವ ಆ ಪ್ರಾಣಿಯನ್ನು ತಪ್ಪಿಸಿಕೊಂಡವನು ಬೇರೊಂದು ಹವ್ಯಾಸವನ್ನು ಹುಡುಕಿಕೊಳ್ಳಬಹುದು. ನಿಜವಾದ ಕಷ್ಟ ಇರುವುದು ಸಣ್ಣ ಬಾತುಗಳಲ್ಲಿ: ನೀರಿನಿಂದ ನೆಟ್ಟಗೆ ಮೇಲಕ್ಕೆ ಚಿಮ್ಮುವ ಕಾಮನ್ ಟೀಲ್, ಮರದ ಪೊಟರೆಯಲ್ಲಿ ಗೂಡುಮಾಡುವ, ಗಂಡಿನ ರೆಕ್ಕೆಯಲ್ಲಿ ಬಿಳಿಯ ಪಟ್ಟೆ ಮಿಂಚುವ, ಎಲ್ಲ ಬಾತುಗಳಲ್ಲಿ ಕಿರಿದಾದ ಕಾಟನ್ ಟೀಲ್, ಮತ್ತು ಗಾರ್ಗನಿ, ಅಂದರೆ ನಮ್ಮ ಪಕ್ಷಿವೀಕ್ಷಕರು ಬಿಳಿಹುಬ್ಬಿನ ಬಾತು ಎನ್ನುವುದು. ಈ ಮೂರರಲ್ಲಿ ನಮ್ಮ ಪ್ರಾಂತದ ಮಟ್ಟಿಗೆ ಗಾರ್ಗನಿಗೇ ನನ್ನ ಮತ. ಗಾತ್ರ ಸುಮಾರು 40 ಸೆಂಟಿಮೀಟರ್, ತೂಕ ಅರ್ಧ ಕಿಲೋಗಿಂತ ಕಡಮೆ. ಸೈಬೀರಿಯಾ, ಮಧ್ಯ ಏಷ್ಯಾಗಳಿಂದ ಹಾರಿ ದಕ್ಷಿಣ ಭಾರತದ ಕೆರೆಗಳಿಗೆ ಅತ್ಯಧಿಕ ಸಂಖ್ಯೆಯಲ್ಲಿ ಬರುವ ವಲಸೆಯ ಬಾತುಗಳಲ್ಲೊಂದು. ಗುಂಪು ಪೂರ್ತಿಯಾಗಿ ಒಮ್ಮೆಗೇ ಮಗ್ಗಲು ಹೊರಳಿಸಿ, ಒಂದು ಕ್ಷಣ ಬೂದು, ಮರುಕ್ಷಣ ಬಿಳುಪಾಗಿ, ಎಡಕ್ಕೆಂದು ನೀವು ತಿರುಗುವುದರೊಳಗಾಗಿ ಬಲಕ್ಕೆ ಹೋಗಿರುವಂಥದು.

ಇನ್ನು ಕ್ರಮವನ್ನು ಹೇಳುತ್ತೇನೆ. ಮೊದಲು ಕೆರೆ. ಮಳೆ ಸರಿಯಾಗಿ ಬಿದ್ದ ವರ್ಷ ಈ ಸೀಮೆಯ ಯಾವ ಕೆರೆಯಾದರೂ ಆದೀತು. ಕೈಕೊಟ್ಟ ವರ್ಷ, ಅಂದರೆ ಸಾಮಾನ್ಯವಾದ ವರ್ಷ, ತುಂಗಭದ್ರೆಯ ಮೇಲ್ದಂಡೆ ಕಾಲುವೆಯ ನೀರು ಕಾಣುವ ಕಣೇಕಲ್ಲು ಕೆರೆಯಂಥದನ್ನು ಆರಿಸಿಕೊಳ್ಳಬೇಕು. ವೇದಾವತಿಯ ಭೈರವಾನಿತಿಪ್ಪ ಜಲಾಶಯವನ್ನು ನಂಬಿ ಹೋಗುವ ಮುನ್ನ ನೀರಿದೆಯೇ ಎಂದು ಅಲ್ಲಿಯವರನ್ನು ವಿಚಾರಿಸಿಕೊಳ್ಳುವುದು ಉತ್ತಮ. ಗಾರ್ಗನಿ ಹಗಲೆಲ್ಲ ಕೆರೆಯ ನಡುವೆ ವಿಶ್ರಮಿಸಿ, ಕತ್ತಲಾದ ಮೇಲೆ ಭತ್ತದ ಗದ್ದೆಗಳಿಗೆ ಮೇಯಹೋಗಿ, ಬೆಳಗಿನ ಜಾವಕ್ಕೆ ಮರಳುವ ಸ್ವಭಾವದ್ದಾದುದರಿಂದ, ಹತ್ತಿರದಲ್ಲಿ ಗದ್ದೆಯಿರುವ ಕೆರೆ ಉತ್ತಮ. ಅದು ಮರಳುವ ಆ ಹೊತ್ತಿಗೆ ನೀವು ಕುಳಿತಾಗಿರಬೇಕು. ಹತ್ತು ಗಂಟೆಗೆ ತಿಂಡಿ ಮುಗಿಸಿ ಬಂದವನಿಗೆ ಸಿಗುವುದು ನಾಮದ ಕೋಳಿಗಳು ಮಾತ್ರ.

ಕೂಡುವ ಸ್ಥಳವನ್ನು ಕುರಿತು ಎರಡು ಮಾತು. ಏರಿಯ ನೆತ್ತಿಯಮೇಲೆ ಎಂದಿಗೂ ನಿಲ್ಲಬಾರದು. ಆಕಾಶಕ್ಕೆದುರಾಗಿ ನಿಂತ ಮನುಷ್ಯಾಕೃತಿ ಆಚೆ ದಡದವರೆಗೂ ಕಾಣುತ್ತದೆ. ಕೆರೆಯ ಪೂರ್ವದ ಅಂಚಿನಲ್ಲಿ, ಬಳ್ಳಾರಿ ಜಾಲಿಯ ಪೊದೆಯ ಮುಂದೆ (ಹಿಂದೆಯಲ್ಲ; ಮುಳ್ಳುಕೊಂಬೆಗಳ ನಡುವೆ ಲೆನ್ಸು ತಿರುಗದು), ಮಣ್ಣಿನ ಬಣ್ಣದ ಉಡುಪಿನಲ್ಲಿ, ಮೊಣಕಾಲೆತ್ತರದ ಸ್ಟೂಲಿನಮೇಲೆ ಪಶ್ಚಿಮಾಭಿಮುಖವಾಗಿ ಕುಳಿತುಕೊಳ್ಳಿ. ಹೀಗೇಕೆಂದರೆ, ಬೆಳಗಿನ ಸೂರ್ಯ ಬೆನ್ನಹಿಂದಿದ್ದು ಹಕ್ಕಿಯ ಮುಖದಮೇಲೆ ಬೆಳಕು ಬೀಳುತ್ತದೆ ಎಂಬುದನ್ನು ಎಲ್ಲರೂ ಬಲ್ಲರು; ಆದರೆ ಚಳಿಗಾಲದಲ್ಲಿ ನಮ್ಮಲ್ಲಿ ಗಾಳಿಯೂ ಬಹುಮಟ್ಟಿಗೆ ಪೂರ್ವ ಈಶಾನ್ಯಗಳಿಂದಲೇ ಬೀಸುವುದೆಂಬುದನ್ನೂ, ಬಾತುಗಳು ಗಾಳಿಗೆ ಎದೆಗೊಟ್ಟು ಇಳಿಯುವುವೆಂಬುದನ್ನೂ ಕೂಡಿಸಿ ನೋಡುವವರು ವಿರಳ. ಪೂರ್ವದಲ್ಲಿ ಕುಳಿತವನ ಕಡೆಗೆ ಹಕ್ಕಿಗಳು ಮುಖಮಾಡಿ ಇಳಿಯುತ್ತವೆ. ಪಶ್ಚಿಮದಲ್ಲಿ ಕುಳಿತವನಿಗೆ ಬೆನ್ನು ತೋರಿಸುತ್ತವೆ. ಗಾಳಿ ತಿರುಗಿದ ದಿನ ಸೂರ್ಯನನ್ನೇ ಅನುಸರಿಸಿ, ಇಳಿಯುವ ಚಿತ್ರಗಳ ಆಸೆಯನ್ನು ಅಂದಿನ ಮಟ್ಟಿಗೆ ಬಿಡುವುದೇ ಸರಿ.

ಕ್ಯಾಮೆರಾದ ಏರ್ಪಾಟು ಬೇಗ ಮುಗಿಯುವಂಥದು. ಶಟರ್ ವೇಗ ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗ. ಐಎಸ್‌ಒ ತಾನಾಗಿ ಹೊಂದಿಕೊಳ್ಳುವಂತೆ. ಆಟೋಫೋಕಸ್ ನಿರಂತರ ಹಿಂಬಾಲಿಸುವ ಕ್ರಮದಲ್ಲಿ. ಒಂದೇ ಒತ್ತಿಗೆ ಸಾಲಾಗಿ ಚಿತ್ರಗಳು ಬರುವಂತೆ. ನಸುಕಿನಲ್ಲಿ ಚಿತ್ರ ಕಾಳುಕಾಳಾಗಿ ಬಂದರೆ ಬರಲಿ. ಮಸುಕಾದ ಚಿತ್ರಕ್ಕಿಂತ ಅದು ಮೇಲು.

ಇನ್ನು ಮುಖ್ಯವಾದ ವಿಷಯ. ಗುಂಡಿ ಒತ್ತುವ ಕ್ಷಣದಲ್ಲಿ ಕೈ ನಿಲ್ಲುವುದೇ ಸಕಲ ದೋಷಗಳ ಮೂಲ, ಮತ್ತು ಇದು ಯಾವ ಪುಸ್ತಕವನ್ನೋದಿದರೂ ಹೋಗದ, ಮನುಷ್ಯನ ಸ್ವಭಾವದಲ್ಲೇ ಬೇರೂರಿರುವ ದೋಷ. ಕೋವಿಗಾರರ ಲೆಕ್ಕವನ್ನು ಮೊದಲು ನೋಡಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹಾರುವ ಬಾತು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. 40 ಮೀಟರ್ ದೂರವನ್ನು ಸೀಸದ ಕಾಳುಗಳು ಕ್ರಮಿಸಲು ಸೆಕೆಂಡಿನ ಎಂಟನೆಯ ಒಂದು ಭಾಗದಷ್ಟು ಹೊತ್ತು ಬೇಕಾದರೆ, ಅಷ್ಟರಲ್ಲಿ ಹಕ್ಕಿ ಎರಡು ಮೀಟರಿಗೂ ಮಿಕ್ಕಿ ಮುಂದೆ ಹೋಗಿರುತ್ತದೆ. ಆದುದರಿಂದ ನಿಪುಣನಾದ ಶಿಕಾರಿ ಹಕ್ಕಿಯ ಹಿಂದಿನಿಂದ ಕೋವಿಯನ್ನು ತೂಗಿಕೊಂಡು ಬಂದು, ಅದನ್ನು ದಾಟಿಸಿ, ದಾಟಿಸುತ್ತಿರುವಾಗಲೇ ಕುದುರೆಯನ್ನೆಳೆದು, ಎಳೆದ ಮೇಲೂ ತೂಗುವುದನ್ನು ನಿಲ್ಲಿಸುತ್ತಿರಲಿಲ್ಲ. ಅನನುಭವಿ ಮಾತ್ರ ಎಳೆಯುವಾಗ ಕೋವಿಯನ್ನು ನಿಲ್ಲಿಸಿ, ಬಾಲದ ಹಿಂದಿನ ಗಾಳಿಯನ್ನು ಹೊಡೆಯುತ್ತಿದ್ದನು.

ಕ್ಯಾಮೆರಾದಲ್ಲಿ ಕಾಳು ಹಾರುವುದಿಲ್ಲ, ಬೆಳಕಿಗೆ ಹೊತ್ತು ಹಿಡಿಯುವುದಿಲ್ಲ. ಹಾಗಾದರೆ ಈ ನಿಯಮ ನಮಗೇಕೆಂದು ಕೇಳುವವರುಂಟು. 400 ಮಿಲಿಮೀಟರಿನ ಲೆನ್ಸನ್ನು ಸಣ್ಣ ಸೆನ್ಸರಿನ ಸಾಮಾನ್ಯ ಕ್ಯಾಮೆರಾಕ್ಕೆ ಹಾಕಿ 40 ಮೀಟರ್ ದೂರಕ್ಕೆ ಹಿಡಿದರೆ, ನಿಮ್ಮ ಚೌಕಟ್ಟಿನೊಳಗೆ ಬರುವ ಅಗಲ ಎರಡು ಮೀಟರಿಗಿಂತ ಸ್ವಲ್ಪವೇ ಹೆಚ್ಚು. ನಟ್ಟನಡುವಿದ್ದ ಹಕ್ಕಿ ಅಂಚನ್ನು ದಾಟಲು ಒಂದು ಮೀಟರ್ ಸಾಗಿದರಾಯಿತು, ಅಂದರೆ ಸೆಕೆಂಡಿನ ಹದಿನಾರನೆಯ ಒಂದು ಭಾಗ ಸಾಕು. ನಿಮ್ಮ ಬೆರಳು ಅಲುಗಿ, ಗುಂಡಿ ಕೆಳಗಿಳಿದು, ಶಟರು ತೆರೆಯುವುದರೊಳಗಾಗಿ ಆ ಹೊತ್ತು ಕಳೆದೇಹೋಗಿರುತ್ತದೆ. ಕೈ ನಿಂತಿದ್ದರೆ ಚೌಕಟ್ಟಿನಲ್ಲಿ ಉಳಿಯುವುದು ಬಾಲ. ಫೋನಿನವರ ಪಾಡು ಇನ್ನೂ ಕಷ್ಟ; ಅವರು ಹಾರುವ ಹಕ್ಕಿಯನ್ನು ವಿಡಿಯೋದಲ್ಲಿ ತೆಗೆದುಕೊಳ್ಳುವುದೇ ವಾಸಿ.

ಇದರ ಚಿಕಿತ್ಸೆ ಕಾಲಿನಿಂದ ಆರಂಭವಾಗತಕ್ಕದ್ದು. ಹಕ್ಕಿಯನ್ನು ಎಲ್ಲಿ ಹೊಡೆಯಬೇಕೆಂದಿರುವಿರೋ ಆ ದಿಕ್ಕಿಗೆ ಪಾದಗಳನ್ನು ಊರಿ, ಅದು ಬರುವ ದಿಕ್ಕಿಗೆ ಸೊಂಟವನ್ನಷ್ಟೇ ತಿರುಗಿಸಿಕೊಂಡು ಕಾಯಿರಿ. ಹಕ್ಕಿ ಸಮೀಪಿಸಿದಂತೆ ಮೈ ತಾನಾಗಿಯೇ ಬಿಚ್ಚಿಕೊಳ್ಳುತ್ತ ಬರುತ್ತದೆ, ಒತ್ತುವಾಗ ಕೈ ಸಲೀಸಾಗಿರುತ್ತದೆ. ಪಾದಗಳನ್ನು ಬರುವ ದಿಕ್ಕಿಗೇ ಊರಿದವನ ಸೊಂಟ ಒತ್ತುವ ಹೊತ್ತಿಗೆ ಬಿಗಿದುಕೊಂಡು, ಕೈ ತಡೆದು ನಿಲ್ಲುತ್ತದೆ. ಅವನು ತನ್ನ ಬೆರಳನ್ನು ಶಪಿಸುತ್ತಾನೆ, ಅಪರಾಧಿ ಮೊಣಕಾಲಿನ ಕೆಳಗಿರುತ್ತದೆ. ಎರಡೂ ಕಣ್ಣುಗಳು ತೆರೆದಿರಲಿ. ದೂರದಲ್ಲಿ ಚುಕ್ಕೆಯಾಗಿರುವಾಗಲೇ ಒಂದು ಹಕ್ಕಿಯನ್ನು ಚೌಕಟ್ಟಿಗೆ ತೆಗೆದುಕೊಂಡು ಅದರೊಡನೆಯೇ ಸಾಗಿ, ಅದರ ಮುಂದೆ ಹಿಂದಿನದಕ್ಕಿಂತ ಹೆಚ್ಚು ಬಯಲನ್ನು ಬಿಟ್ಟು, ಒತ್ತಿ, ಒತ್ತಿದ ಬೆರಳನ್ನೆತ್ತಿದ ಮೇಲೂ ಒಂದೆರಡು ಮಾರು ದೂರ ಅದರ ಜೊತೆಗೇ ಹೋಗಿ. ಗುಂಪಿಗೇ ಗುರಿಯಿಡಬಾರದು, ಗುಂಪೆಲ್ಲವನ್ನೂ ಹಿಡಿಯಹೋದವನಿಗೆ ಒಂದೂ ದಕ್ಕದೆನ್ನುವುದು ಕೋವಿಗೆ ಎಷ್ಟು ನಿಜವೋ ಫೋಕಸಿಗೂ ಅಷ್ಟೇ ನಿಜ. ಇದನ್ನು ನೇರವಾಗಿ ಗಾರ್ಗನಿಯಮೇಲೆ ಕಲಿಯಹೋಗದೆ, ಸಂಜೆ ಗೂಡಿಗೆ ಮರಳುವ ಬೆಳ್ಳಕ್ಕಿಗಳಮೇಲೆ ಒಂದು ವಾರ, ಆಮೇಲೆ ಬೆಟ್ಟದ ಕೋಟೆಯ ಪಾರಿವಾಳಗಳಮೇಲೆ ಒಂದು ವಾರ ಅಭ್ಯಾಸ ಮಾಡಿ. ಬೆಳ್ಳಕ್ಕಿಗೆ ನಿಲ್ಲುವ ಕೈ ಬಾತಿಗೆ ಖಂಡಿತವಾಗಿಯೂ ನಿಲ್ಲುತ್ತದೆ.

ಸಹನೆಗೆಟ್ಟ ಕೆಲವರು ಇದಾವುದೂ ಬೇಡವೆಂದು ಏರಿಯಿಂದ ಕಲ್ಲೆಸೆದು, ಚಪ್ಪಾಳೆ ತಟ್ಟಿ, ಪಟಾಕಿಯನ್ನೂ ಸಿಡಿಸಿ ಹಿಂಡನ್ನೆಬ್ಬಿಸುವುದನ್ನು ಕಂಡಿದ್ದೇನೆ. ರಾತ್ರಿಯೆಲ್ಲ ಮೇದು, ಹಗಲು ರೆಕ್ಕೆ ಮಡಿಸಿಕೊಂಡು ಬಲ ಕೂಡಿಸಿಕೊಳ್ಳುವ ಹಕ್ಕಿಯನ್ನು ಹೀಗೆ ಎಬ್ಬಿಸುವುದು ಕ್ರೌರ್ಯವೆಂಬುದು ಒತ್ತಟ್ಟಿಗಿರಲಿ, ಛಾಯಾಚಿತ್ರದ ದೃಷ್ಟಿಯಿಂದಲೂ ಮೂರ್ಖತನವೇ: ಬೆದರಿ ಎದ್ದ ಹಕ್ಕಿ ನಿಮ್ಮಿಂದ ದೂರಕ್ಕೇ ಹಾರುವುದರಿಂದ ಸಿಗುವುದು ಬೆನ್ನಿನ ಚಿತ್ರ, ಆ ದಿನವಿಡೀ ಆ ಕೆರೆಯಲ್ಲಿ ಬೇರೆಯವನಿಗೂ ಕೆಲಸವಿಲ್ಲ. ತಾನಾಗಿ ಇಳಿಯುವ ಹಕ್ಕಿಯನ್ನು ಒಮ್ಮೆ ಸಾವಧಾನವಾಗಿ ನೋಡಿ. ರೆಕ್ಕೆಗಳು ಬಟ್ಟಲಿನಂತೆ ಬಾಗಿ, ಪಾದಗಳು ಮುಂಚಾಚಿ, ಬಾಲ ಬೀಸಣಿಗೆಯಾಗಿ ಬಿರಿದು, ಗಂಡಾದರೆ ಮುಂರೆಕ್ಕೆಯ ನಸುನೀಲಿ ಬೂದುಬಣ್ಣ ಬಿಸಿಲಿಗೆ ಒಮ್ಮೆಲೇ ತೆರೆದುಕೊಂಡು, ನೀರನ್ನು ಮುಟ್ಟುವ ಮುಂಚಿನ ಅರ್ಧ ಸೆಕೆಂಡು ಅದರ ವೇಗವೆಲ್ಲ ಇಳಿದಿರುತ್ತದೆ. ಅತಿ ಕಠಿನವಾದ ಬಾತು ಅತಿ ಸುಲಭವಾಗುವುದು ಆ ಅರ್ಧ ಸೆಕೆಂಡಿನಲ್ಲಿ; ಅದು ಕುಳಿತು ಕಾಯ್ದವನಿಗೆ ಮಾತ್ರ ಲಭ್ಯ.

ಪತ್ರಿಕೆಯ ಸ್ಥಳ ಮುಗಿಯುತ್ತ ಬಂದುದರಿಂದ ಗುರುತಿಸುವ ವಿಷಯವನ್ನು ಅಡಕಮಾಡುತ್ತೇನೆ. ಚಳಿಗಾಲದ ಬಹುಭಾಗ ಗಾರ್ಗನಿಯ ಗಂಡುಗಳೂ ಹೆಣ್ಣಿನಂತೆಯೇ ಕಂದಾಗಿರುತ್ತವೆ. ಬಿಳಿಯ ಹುಬ್ಬು ಕಾಣಲಿಲ್ಲವೆಂದು ಕಾಮನ್ ಟೀಲ್ ಎಂದು ಬರೆದುಬಿಡಬೇಡಿ. ಕೊಕ್ಕಿನ ಬುಡದಲ್ಲಿ ತಿಳಿಯಾದ ಚುಕ್ಕೆ, ಕೆನ್ನೆಯಮೇಲೆ ಎರಡನೆಯ ಕಪ್ಪುಗೆರೆ ಇದ್ದರೆ ಗಾರ್ಗನಿ; ಬಾಲದ ಪಕ್ಕದಲ್ಲಿ ತಿಳಿಗೆರೆ ಇದ್ದರೆ ಟೀಲ್. ಗಂಡಿನ ಮುಂರೆಕ್ಕೆಯ ಬೂದುನೀಲಿ ಮಾತ್ರ ಎಲ್ಲ ಕಾಲದಲ್ಲಿಯೂ ಉಳಿಯುತ್ತದೆ, ಆದುದರಿಂದಲೇ ಹಾರುವ ಚಿತ್ರಕ್ಕೆ ಅಷ್ಟು ಬೆಲೆ. ಡ್ರೋನ್ ಹಾರಿಸಬೇಡಿ. ಚಿತ್ರದೊಡನೆ ಕೆರೆಯ ಹೆಸರು, ದಿನಾಂಕ, ಗಂಟೆ ಇರಲಿ. ಪಕ್ಷಿವೀಕ್ಷಣೆಗಳನ್ನು ದಾಖಲಿಸುವ ಇಬರ್ಡ್ ಜಾಲತಾಣಕ್ಕೆ ಸೇರಿಸಿದರೆ ಇತರರಿಗೂ ಉಪಯೋಗ. ಕೆರೆಯಂಗಳದಲ್ಲಿ ಕಟ್ಟಿದ ಬಲೆ ಕಣ್ಣಿಗೆ ಬಿದ್ದರೆ ಕೈಹಾಕದೆ, ದೂರದಿಂದ ಒಂದು ಚಿತ್ರ ತೆಗೆದು ಅರಣ್ಯ ಇಲಾಖೆಯವರಿಗೆ ತಿಳಿಸಿ. ಮಾರ್ಚ್ ಏಪ್ರಿಲ್‌ಗಳಲ್ಲಿ ಇವು ಹೊರಟುಹೋಗುವುದರಿಂದ, ಬೆಳ್ಳಕ್ಕಿಯ ಅಭ್ಯಾಸ ಸಂಕ್ರಾಂತಿಗೆ ಮುಂಚೆಯೇ ಮುಗಿದಿರಬೇಕು.