ಮಾಳಿಗೆಗೆ ಗೋಡೆ ಕಟ್ಟಬೇಕಾದವರು ಯಾರು?

ಇವತ್ತಿನ ಪಾಠಕ್ಕೆ ಧರ್ಮೋಪದೇಶಕಾಂಡ 22ನೇ ಅಧ್ಯಾಯ, 8ನೇ ವಚನ ತೆಗೆಯಿರಿ. ಯಾರಾದರೂ ಒಬ್ಬರು ಜೋರಾಗಿ ಓದಿ.

ಕೇಳಿದಿರಾ? ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಗೋಡೆ ಕಟ್ಟಲೇಬೇಕು. ನಾವು ಪ್ಯಾರಪೆಟ್ ಅಂತೀವಲ್ಲ, ಅದು. ಕಟ್ಟದೆ ಹೋಗಿ ಯಾರಾದರೂ ಬಿದ್ದು ಸತ್ತರೆ ಆ ಅಪರಾಧ ಆ ಮನೆಯ ಮೇಲೆ. ಆ ಕಾಲದಲ್ಲಿ ಮಾಳಿಗೆ ಜನ ಓಡಾಡೋ ಜಾಗ. ರಾಹಾಬಳು ಸೆಣಬಿನ ದಂಟು ಹರಡಿದ್ದು ಅಲ್ಲೇ, ಪೇತ್ರನು ಪ್ರಾರ್ಥನೆಗೆ ಹತ್ತಿದ್ದೂ ಅಲ್ಲಿಗೇ. ಅದಕ್ಕೇ ದೇವರು, ಬಿದ್ದವನು ನೋಡಿಕೊಂಡು ನಡೆಯಬೇಕಿತ್ತು ಅನ್ನಲಿಲ್ಲ. ಕಟ್ಟಿದವನನ್ನು ಲೆಕ್ಕ ಕೇಳಿದನು.

ಪ್ರಿಯರೇ, ಇವತ್ತು ನಮ್ಮ ಮಕ್ಕಳು ಓಡಾಡೋ ಮಾಳಿಗೆ ಯಾವುದು? ಇನ್‌ಸ್ಟಾಗ್ರಾಮ್, ಯೂಟ್ಯೂಬ್, ಸ್ನ್ಯಾಪ್‌ಚಾಟ್. ತೊಂದರೆ ಆದಾಗ ನಾವು ಬೈಯೋದು ಮಗಳನ್ನ: "ನೀನ್ಯಾಕೆ ಫೋಟೋ ಹಾಕಿದೆ?" ಕಟ್ಟಿದವನನ್ನು ಯಾರೂ ಕೇಳಲ್ಲ.

ಐರ್ಲೆಂಡಿನ ಡೇಟಾ ಸಂರಕ್ಷಣಾ ಆಯೋಗ ಕೇಳಿತು. 2022ರ ಸೆಪ್ಟೆಂಬರ್‌ನಲ್ಲಿ ಇನ್‌ಸ್ಟಾಗ್ರಾಮ್ ವಿಷಯದಲ್ಲಿ ಅದರ ಒಡೆಯ ಕಂಪನಿಗೆ 40.5 ಕೋಟಿ ಯೂರೋ ದಂಡ ಹಾಕಿತು. ಯಾಕೆ? 13ರಿಂದ 17 ವಯಸ್ಸಿನ ಮಕ್ಕಳು ಬಿಸಿನೆಸ್ ಅಕೌಂಟ್ ಮಾಡಿಕೊಂಡಾಗ ಅವರ ಫೋನ್ ನಂಬರ್, ಇಮೇಲ್ ಎಲ್ಲರಿಗೂ ಕಾಣ್ತಿತ್ತು. ಮಕ್ಕಳ ಸಾಮಾನ್ಯ ಅಕೌಂಟ್ ಕೂಡ ಆಗ ಮೊದಲಿನಿಂದಲೇ ಪಬ್ಲಿಕ್ ಆಗಿರ್ತಿತ್ತು. ಬೇಡ ಅಂದ್ರೆ ಮಗುವೇ ಹುಡುಕಿ ಮುಚ್ಚಬೇಕಿತ್ತು. ಅದು ಹಳೇ ಸೆಟ್ಟಿಂಗ್, ಬದಲಾಯಿಸಿದ್ದೇವೆ ಅಂತ ಕಂಪನಿ ಹೇಳಿತು. ಆದರೆ ವಚನ ನೋಡಿ: ಮನೆ *ಹೊಸದಾಗಿ* ಕಟ್ಟುವಾಗಲೇ ಗೋಡೆ ಬೇಕು. ಬಿದ್ದ ಮೇಲಲ್ಲ.

ನಮ್ಮ ದೇಶದಲ್ಲೂ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಆಯಿತು. 18 ವರ್ಷದ ಒಳಗಿನವರ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕು ಅಂತ ಅದು ಹೇಳುತ್ತೆ. ಮಗು ಏನು ನೋಡುತ್ತೆ ಅಂತ ಹಿಂಬಾಲಿಸಿ ಅದಕ್ಕೆ ತಕ್ಕ ಜಾಹೀರಾತು ತೋರಿಸುವುದನ್ನೂ ತಡೆಯುತ್ತೆ. ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡ. ಒಳ್ಳೇದೇ. ಆದರೆ ದೇವರ ಮುಂದೆ ಲೆಕ್ಕ ದಂಡ ಕಟ್ಟಿದ ಮಾತ್ರಕ್ಕೆ ಮುಗಿಯಲ್ಲ. ಮಗು ಮಾರಾಟದ ಸರಕಲ್ಲ, ದೇವರ ಸ್ವರೂಪದಲ್ಲಿ ಹುಟ್ಟಿದ ಜೀವ. ಆಮೆನ್?

ಈಗ ಬೆರಳು ನಮ್ಮ ಕಡೆ ತಿರುಗಲಿ. ಹೋದ ವರ್ಷದ ವಿಬಿಎಸ್ ಫೋಟೋಗಳನ್ನು ಹೆಸರು, ಶಾಲೆ ಸಮೇತ ಸಭೆಯ ಪೇಜಿಗೆ ನಾವೇ ಹಾಕಿದ್ವಿ. ಮಕ್ಕಳನ್ನೂ ಕೇಳಲಿಲ್ಲ, ಹೆತ್ತವರನ್ನೂ ಕೇಳಲಿಲ್ಲ. ಒಬ್ಬ ತಾಯಿ ಬಂದು, "ಪಾಸ್ಟರ್, ನನ್ನ ಮಗಳದ್ದು ತೆಗೆಸಿಬಿಡಿ" ಅಂದಾಗ ನನಗೆ ಬೇಜಾರಾಯ್ತು. ಸೇವೆಗೆ ಅಡ್ಡಿ ಬರ್ತಿದ್ದಾರೆ ಅನ್ನಿಸ್ತು. ಈ ವಚನ ಧ್ಯಾನಿಸುವಾಗ ಕರ್ತನು ನನ್ನ ಹೃದಯದಲ್ಲಿ ಕೇಳಿದ: ನೀನು ಕಟ್ಟಿದ ಮಾಳಿಗೆಗೆ ಗೋಡೆ ಎಲ್ಲಿ? ಆ ಸಹೋದರಿಯ ಹತ್ತಿರ ಕ್ಷಮೆ ಕೇಳಿದೆ. ಎಲ್ಲಾ ಮಕ್ಕಳ ಫೋಟೋ ತೆಗೆಸಿದ್ದೇವೆ. ಇನ್ನು ಮುಂದೆ ಕೇಳದೆ ಹಾಕಲ್ಲ.

ಈ ವಾರ ಮಕ್ಕಳ ಜೊತೆ ಕೂತು ಫೋನ್ ತೆಗೆಯಿರಿ. ಬೈಯೋಕಲ್ಲ, ಪತ್ತೇದಾರಿಕೆಗೂ ಅಲ್ಲ. ಅಕೌಂಟ್ ಪ್ರೈವೇಟ್ ಇದೆಯಾ, ಲೊಕೇಶನ್ ಯಾರಿಗೆ ಕಾಣ್ತಿದೆ, ಇಬ್ಬರೂ ಸೇರಿ ನೋಡಿ. ಅವರ ಫೋಟೋ ನಿಮ್ಮ ಸ್ಟೇಟಸ್‌ಗೆ ಹಾಕೋ ಮುಂಚೆ ಒಂದು ಮಾತು ಕೇಳಿ. ನಮ್ಮ ಸಭೆಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ಯೌವನಸ್ಥರೇ, ನೀವು ಕಟ್ಟುವ ಕಡೆ ಕೂತಿದ್ದೀರಿ. ಮೀಟಿಂಗಿನಲ್ಲಿ "ಇದಕ್ಕೆ ಗೋಡೆ ಎಲ್ಲಿ?" ಅಂತ ಕೇಳುವ ಧೈರ್ಯವನ್ನು ಕರ್ತನು ನಿಮಗೆ ಕೊಡಲಿ.

ಎದ್ದು ನಿಲ್ಲೋಣ, ನಮ್ಮ ಮಕ್ಕಳ ಹೆಸರು ಹಿಡಿದು ಪ್ರಾರ್ಥಿಸೋಣ. ಆಮೆನ್.