ಮೊಳೆಯದ ಬೀಜ ಸತ್ತ ಬೀಜವಲ್ಲ
ಕಾಡುಹೂಗಳ ಬೀಜವನ್ನು ಮನೆಯಲ್ಲಿ ಮೊಳೆಯಿಸುವ ಪಾಠ

ಹೆಸರುಕಾಳನ್ನು ರಾತ್ರಿ ನೆನೆಹಾಕಿ ಬಟ್ಟೆಯಲ್ಲಿ ಕಟ್ಟಿಟ್ಟರೆ ಒಂದೆರಡು ದಿನದಲ್ಲಿ ಮೊಳಕೆ ಬರುತ್ತದೆ. ಮೆಂತೆ, ಅಲಸಂಡೆ, ಬೆಂಡೆ ಕೂಡ ನಮ್ಮನ್ನು ಹೆಚ್ಚು ಕಾಯಿಸುವುದಿಲ್ಲ. ಆದರೆ ಗುಡ್ಡದ ಬದಿಯಿಂದಲೋ ಕಾಡಿನ ಅಂಚಿನಿಂದಲೋ ತಂದ ಹೂಗಿಡದ ಬೀಜವನ್ನು ಚಟ್ಟಿಯಲ್ಲಿ ಹಾಕಿ ದಿನವೂ ನೀರೆರೆದರೂ ಒಂದು ತಿಂಗಳ ತನಕ ಏನೂ ಕಾಣದೇ ಇರಬಹುದು. "ಸರ್, ಬೀಜ ಸತ್ತಿದೆ" ಎಂದು ವಿದ್ಯಾರ್ಥಿಗಳು ಹೇಳುತ್ತಾರೆ, ಚಟ್ಟಿಯ ಮಣ್ಣನ್ನು ಅಂಗಳದ ಮೂಲೆಗೆ ಸುರಿಯುತ್ತಾರೆ. ಮುಂದಿನ ಮಳೆಗಾಲದಲ್ಲಿ ಅದೇ ಮೂಲೆಯಲ್ಲಿ ಆ ಗಿಡ ತಾನಾಗಿ ಹುಟ್ಟುವುದೂ ಉಂಟು.

ಹೆಸರುಕಾಳು ಬೇಗ ಮೊಳೆಯುವುದಕ್ಕೆ ಕಾರಣ ಮನುಷ್ಯ. ಸಾವಿರಾರು ವರ್ಷಗಳಿಂದ ರೈತರು ಬಿತ್ತಿದ ಕೂಡಲೇ ಎದ್ದುಬಂದ ಗಿಡಗಳ ಬೀಜವನ್ನೇ ಮತ್ತೆ ಮತ್ತೆ ಉಳಿಸಿಕೊಂಡು ಬಂದರು. ತಡವಾಗಿ ಮೊಳೆತದ್ದು ಕೊಯ್ಲಿಗೆ ಸಿಗಲಿಲ್ಲ, ಹಾಗಾಗಿ ಅದರ ಸಂತತಿ ಹೊಲದಲ್ಲಿ ಉಳಿಯಲಿಲ್ಲ. ಕಾಡಿನ ಗಿಡಕ್ಕೆ ಅಂಥ ರೈತ ಇಲ್ಲ. ನವೆಂಬರಿನಲ್ಲಿ ಒಂದು ಅಕಾಲಿಕ ಮಳೆ ಬಂತೆಂದು ಅದರ ಬೀಜಗಳೆಲ್ಲ ಒಟ್ಟಿಗೆ ಮೊಳೆತರೆ ಜನವರಿಯ ಒಣ ನೆಲದಲ್ಲಿ ಅಷ್ಟೂ ಸಸಿಗಳು ಸಾಯುತ್ತವೆ. ಆದ್ದರಿಂದ ನೀರು, ಗಾಳಿ, ಬಿಸಿ ಎಲ್ಲ ಇದ್ದರೂ ಸರಿಯಾದ ಕಾಲ ಬಂದಿಲ್ಲವೆಂದು ತಡೆದು ನಿಲ್ಲುವ ಗುಣ ಅದಕ್ಕೆ ಬೇಕೇ ಬೇಕು. ಇದನ್ನೇ ನಾವು ಸುಪ್ತಾವಸ್ಥೆ ಅಥವಾ ಡಾರ್ಮೆನ್ಸಿ ಎಂದು ಓದುತ್ತೇವೆ.

ದ್ವಿತೀಯ ಪಿಯುಸಿ ಜೀವಶಾಸ್ತ್ರ ಓದುವವರಿಗೆ ಇಲ್ಲಿ ಎರಡು ಉದಾಹರಣೆ ನೆನಪಾಗಬೇಕು. ಒಂದು, ಉತ್ತರ ಧ್ರುವದ ಕಡೆಯ ಲುಪಿನಸ್ ಆರ್ಕ್ಟಿಕಸ್. ಅದರ ಬೀಜ 10,000 ವರ್ಷಗಳ ನಂತರ ಮೊಳೆತು ಹೂ ಬಿಟ್ಟಿತು ಎಂದು ಪಾಠದಲ್ಲಿ ಓದಿದ್ದೇವೆ. ಕೆನಡಾದ ಯುಕಾನ್ ಪ್ರದೇಶದ ಹೆಪ್ಪುಗಟ್ಟಿದ ಮಣ್ಣಿನಲ್ಲಿ, ಲೆಮ್ಮಿಂಗ್ ಎಂಬ ಇಲಿಯಂಥ ಪ್ರಾಣಿಯ ಹಳೆಯ ಬಿಲದಲ್ಲಿ ಆ ಬೀಜಗಳು ಸಿಕ್ಕಿದ್ದವು. ಬಿಲದ ವಯಸ್ಸನ್ನೇ ಬೀಜದ ವಯಸ್ಸೆಂದು ಅಂದಾಜು ಮಾಡಿದ್ದರು. 2009ರಲ್ಲಿ ಆ ಬೀಜಗಳನ್ನೇ ರೇಡಿಯೊಕಾರ್ಬನ್ ವಿಧಾನದಿಂದ ಪರೀಕ್ಷಿಸಿದಾಗ ಅವು ಇತ್ತೀಚಿನ ಕಾಲದವು, ಹಳೆಯ ಬಿಲದೊಳಗೆ ಆಮೇಲೆ ಸೇರಿಕೊಂಡವು ಎಂದು ಗೊತ್ತಾಯಿತು. ಪರೀಕ್ಷೆಯಲ್ಲಿ ಪ್ರಶ್ನೆ ಬಂದರೆ ಪುಸ್ತಕದಲ್ಲಿ ಇದ್ದುದನ್ನೇ ಬರೆಯಿರಿ, ಅಂಕ ಕಳೆದುಕೊಳ್ಳಬೇಡಿ. ಆದರೆ ವಿಷಯ ತಿಳಿದಿರಲಿ. ಎರಡನೆಯ ಉದಾಹರಣೆ ಗಟ್ಟಿಯಾಗಿದೆ. ಮೃತ ಸಮುದ್ರದ ಬಳಿಯ ಮಸಾಡಾ ಕೋಟೆಯಲ್ಲಿ ಸಿಕ್ಕ ಸುಮಾರು 2,000 ವರ್ಷ ಹಳೆಯ ಖರ್ಜೂರದ ಬೀಜವನ್ನು 2005ರಲ್ಲಿ ಬಿತ್ತಿದರು, ಅದು ಮೊಳೆತು ಮರವಾಗಿದೆ. ರಂಜಾನಿನಲ್ಲಿ ಮನೆಮನೆಯಲ್ಲಿ ಉಳಿಯುವ ಖರ್ಜೂರದ ಬೀಜವನ್ನು ತೊಳೆದು ಒದ್ದೆ ಮರಳಿನಲ್ಲಿ ಹುಗಿದು ನೋಡಿ. ಅದೇನೂ ಕಾಡುಹೂವಲ್ಲ, ಆದರೆ ಕಾಯುವ ಅಭ್ಯಾಸಕ್ಕೆ ಒಳ್ಳೆಯ ಆರಂಭ.

ಇದಕ್ಕಿಂತ ನನಗೆ ಹೆಚ್ಚು ಇಷ್ಟವಾದದ್ದು ಅಮೆರಿಕದ ಮಿಷಿಗನ್‌ನಲ್ಲಿ ವಿಲಿಯಂ ಬೀಲ್ ಎಂಬ ಅಧ್ಯಾಪಕರು 1879ರಲ್ಲಿ ಆರಂಭಿಸಿದ ಪ್ರಯೋಗ. ಮರಳಿನೊಂದಿಗೆ ಬೀಜ ಬೆರೆಸಿ 20 ಬಾಟಲಿಗಳಲ್ಲಿ ತುಂಬಿ ಮಣ್ಣಿನಲ್ಲಿ ಹೂತಿಟ್ಟರು. ಕೆಲವು ವರ್ಷಗಳಿಗೊಮ್ಮೆ ಒಂದೊಂದು ಬಾಟಲಿ ತೆಗೆದು ಬಿತ್ತುತ್ತಾರೆ. 2021ರಲ್ಲಿ, ಅಂದರೆ 142 ವರ್ಷಗಳ ನಂತರ ತೆಗೆದ ಬಾಟಲಿಯಲ್ಲೂ ವರ್ಬ್ಯಾಸ್ಕಮ್ ಎಂಬ ಗಿಡದ ಬೀಜಗಳು ಮೊಳೆತವು. ಪ್ರಯೋಗ ಇನ್ನೂ ಮುಗಿದಿಲ್ಲ.

ಈಗ ನಮ್ಮ ಚಟ್ಟಿಗೆ ಬರೋಣ. ಕಾಡುಹೂವಿನ ಬೀಜ ಬಿತ್ತುವುದು ಹೇಗೆಂದು ಮೊಬೈಲಿನಲ್ಲಿ ಹುಡುಕಿದರೆ ಹೆಚ್ಚಿನ ವಿಡಿಯೋಗಳಲ್ಲಿ ಒಂದೇ ಮಾತು: ಬೀಜವನ್ನು ಒದ್ದೆ ಟಿಶ್ಯೂ ಪೇಪರಿನಲ್ಲಿ ಸುತ್ತಿ ಮೂರು ತಿಂಗಳು ಫ್ರಿಜ್ಜಿನಲ್ಲಿ ಇಡಿ. ಈ ಮಾತು ಸುಳ್ಳಲ್ಲ, ಆದರೆ ನಮ್ಮ ಊರಿನದ್ದಲ್ಲ. ಹಿಮ ಬೀಳುವ ದೇಶದ ಕಾಡಿನಲ್ಲಿ ಗಿಡವನ್ನು ಕೊಲ್ಲುವ ಕಾಲ ಚಳಿಗಾಲ. ಚಳಿ ಬಂದು ಹೋಗಿದೆ ಎಂದು ಖಚಿತವಾಗುವ ತನಕ ಅಲ್ಲಿನ ಬೀಜ ಏಳುವುದಿಲ್ಲ. ತಂಪಿನಲ್ಲಿ ಒದ್ದೆಯಾಗಿ ಇದ್ದಾಗ ಬೀಜದೊಳಗೆ ತಡೆಯುವ ಹಾರ್ಮೋನು ಅಬ್ಸಿಸಿಕ್ ಆಮ್ಲದ ಪ್ರಭಾವ ಇಳಿದು ಜಿಬ್ಬರೆಲಿನ್‌ನದ್ದು ಏರುತ್ತದೆ. ಉತ್ತರ ಅಮೆರಿಕದ ಕಾಡಿನ ಟ್ರಿಲಿಯಮ್ ಹೂವಿಗಂತೂ ಎರಡು ಚಳಿಗಾಲ ಬೇಕು: ಮೊದಲನೆಯದರ ನಂತರ ಬೇರು, ಎರಡನೆಯದರ ನಂತರ ಎಲೆ. ಹೂ ಬಿಡಲು ಏಳೆಂಟು ವರ್ಷ. ಅಲ್ಲಿಯವರು ಫ್ರಿಜ್ಜನ್ನು ಚಳಿಗಾಲವನ್ನಾಗಿ ಬಳಸುತ್ತಾರೆ, ಅಷ್ಟೇ.

ನಮ್ಮಲ್ಲಿ ಗಿಡವನ್ನು ಕೊಲ್ಲುವ ಕಾಲ ಬೇಸಿಗೆ. ಈ ವ್ಯತ್ಯಾಸ ಒಂದೇ ಕುಲದ ಎರಡು ಗಿಡಗಳಲ್ಲಿ ಚೆನ್ನಾಗಿ ಕಾಣುತ್ತದೆ. ಮಳೆಗಾಲದಲ್ಲಿ ಗುಡ್ಡದ ಬದಿಯಲ್ಲಿ ನಸುಗೆಂಪಾಗಿ ಅರಳುವ ಕರ್ಣಕುಂಡಲ ಇಂಪೇಷಿಯೆನ್ಸ್ ಕುಲಕ್ಕೆ ಸೇರಿದ್ದು. ಪಶ್ಚಿಮ ಘಟ್ಟದಲ್ಲಿ ಈ ಕುಲದ ಪ್ರಭೇದಗಳು ಹಲವಾರಿವೆ, ಅವುಗಳಲ್ಲಿ ಬಹುಪಾಲು ಜಗತ್ತಿನ ಬೇರೆಲ್ಲೂ ಇಲ್ಲ. ಹಿಮಾಲಯದಲ್ಲಿ ಇದೇ ಕುಲದ ಇನ್ನೊಂದು ಗಿಡ, ಇಂಪೇಷಿಯೆನ್ಸ್ ಗ್ಲ್ಯಾಂಡುಲಿಫೆರಾ. ಅದರ ಬೀಜಕ್ಕೆ ಚಳಿ ಬೇಕೇ ಬೇಕು. 1839ರಲ್ಲಿ ಅಂದದ ಹೂವೆಂದು ಬ್ರಿಟನ್ನಿಗೆ ಒಯ್ದರು. ಅಲ್ಲಿನ ಚಳಿ ಅದಕ್ಕೆ ಹೇಳಿಮಾಡಿಸಿದಂತಿತ್ತು, ಹೊಳೆಯ ದಂಡೆಗಳನ್ನೆಲ್ಲ ಆವರಿಸಿತು, ಈಗ ಊರಿನವರು ಗುಂಪು ಕಟ್ಟಿಕೊಂಡು ಅದನ್ನು ಕೀಳುತ್ತಾರೆ. ನಮ್ಮ ಕರ್ಣಕುಂಡಲಕ್ಕೆ ಫ್ರಿಜ್ಜು ಬೇಡ. ಕಾಯಿ ದಪ್ಪಗಾಗಿ ಹಸಿರು ಬಣ್ಣ ಮಾಸಿದಾಗ ಮುಟ್ಟಿದರೆ ಪಟ್ಟನೆ ಸಿಡಿದು ಬೀಜ ಚೆಲ್ಲುತ್ತದೆ, ಆದ್ದರಿಂದ ಮೊದಲೇ ಒಂದು ಕಾಗದದ ಲಕೋಟೆಯನ್ನು ಕಾಯಿಗೆ ಹೊದಿಸಿ ಆಮೇಲೆ ಒತ್ತಿ. ಆ ಬೀಜವನ್ನು ನೆರಳಲ್ಲಿ ಆರಿಸಿ, ಲಕೋಟೆಯಲ್ಲೇ ಒಣ ಜಾಗದಲ್ಲಿ ಬೇಸಿಗೆ ಕಳೆಯಲು ಬಿಡಿ. ಕಾಡಿನಲ್ಲಿ ಅದಕ್ಕೆ ಆಗುವುದೂ ಇಷ್ಟೇ. ಒಣಗಿ ಕೂತಿದ್ದಾಗಲೂ ಬೀಜದೊಳಗೆ ನಿಧಾನವಾಗಿ ಬದಲಾವಣೆ ನಡೆಯುತ್ತದೆ, ಹಲವು ಬೀಜಗಳ ಸುಪ್ತಾವಸ್ಥೆ ಈ ಒಣ ಕಾಯುವಿಕೆಯಿಂದಲೇ ಸಡಿಲವಾಗುತ್ತದೆ. ಜೂನ್ ಮೊದಲ ಮಳೆಗೆ ಬಿತ್ತಿ. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಮಾತ್ರ ಕಟ್ಟಿಡಬೇಡಿ, ಬೆವರಿ ಬೂಸ್ಟು ಹಿಡಿಯುತ್ತದೆ.

ಆದರೆ ಎಲ್ಲ ಬೀಜವನ್ನೂ ಒಣಗಿಸಬಾರದು. ಹಲಸು, ಮಾವಿನ ಬೀಜ ಒಣಗಿದರೆ ಸಾಯುತ್ತವೆ. ಅವು ಮಳೆಗಾಲದ ಬಾಗಿಲಲ್ಲೇ ಹಣ್ಣಾಗಿ ಬೀಳುವುದರಿಂದ ಕಾಯುವ ಅಗತ್ಯವೇ ಅವುಗಳಿಗಿಲ್ಲ. ಹಾಗಾಗಿ ಯಾವ ಬೀಜವನ್ನು ಕಂಡರೂ ಮೊದಲು ಕೇಳಬೇಕಾದ ಪ್ರಶ್ನೆ: ಇದು ಯಾವ ತಿಂಗಳಲ್ಲಿ ಗಿಡದಿಂದ ಬೀಳುತ್ತದೆ, ಬಿದ್ದ ಮೇಲೆ ಅದಕ್ಕೆ ಏನೇನಾಗುತ್ತದೆ?

ಕಕ್ಕೆಯನ್ನು ನೋಡಿ. ಏಪ್ರಿಲ್, ಮೇಯಲ್ಲಿ ಹಳದಿ ಗೊಂಚಲು ಇಳಿಬಿಡುವ ಈ ಮರದ ಕರಿಯ ಕೋಲಿನಂಥ ಕಾಯಿಯೊಳಗೆ ಅಂಟು ತಿರುಳು, ನಡುವೆ ಹೊಳೆಯುವ ಕಂದು ಬೀಜ. ಕರಡಿ ಈ ಕಾಯಿಯನ್ನು ತಿಂದು ಬೀಜವನ್ನು ಹಿಕ್ಕೆಯಲ್ಲಿ ಬಿಡುತ್ತದೆ. ಬೀಜಕವಚ ಎಷ್ಟು ಗಟ್ಟಿ ಎಂದರೆ ವಾರಗಟ್ಟಲೆ ನೀರಿನಲ್ಲಿ ಇಟ್ಟರೂ ಒಳಗೆ ಹನಿ ಹೋಗುವುದಿಲ್ಲ. ಇಲ್ಲಿ ತಡೆ ಇರುವುದು ಹಾರ್ಮೋನಿನಲ್ಲಲ್ಲ, ಸಿಪ್ಪೆಯಲ್ಲಿ. ಉಗುರು ಕತ್ತರಿಯಿಂದ ಬೀಜದ ಅಂಚನ್ನು ಸ್ವಲ್ಪವೇ ಕಚ್ಚಿ ತೆಗೆಯಿರಿ, ಅಥವಾ ಮರಳುಕಾಗದದ ಮೇಲೆ ಉಜ್ಜಿ. ಒಳಗಿನ ಬಿಳಿ ಕಂಡ ಕೂಡಲೇ ನಿಲ್ಲಿಸಿ. ಬೀಜ ಕಾಯಿಗೆ ಅಂಟಿಕೊಂಡಿದ್ದ ಗುರುತಿನ ಕಡೆ ಮುಟ್ಟಬೇಡಿ, ಬೇರು ಹೊರಡುವ ಜಾಗ ಅದರ ಪಕ್ಕದಲ್ಲೇ ಇದೆ. ಆಮೇಲೆ ಒಂದು ರಾತ್ರಿ ನೀರಿನಲ್ಲಿಡಿ. ಬೆಳಿಗ್ಗೆ ಉಬ್ಬಿದ್ದರೆ ನೀರು ಒಳಗೆ ಹೋಗಿದೆ, ಬಿತ್ತಿ. ಉಬ್ಬದವನ್ನು ಮತ್ತೆ ಉಜ್ಜಿ. ನರ್ಸರಿಯವರು ಇದೇ ಕೆಲಸಕ್ಕೆ ಗಂಧಕಾಮ್ಲ ಬಳಸುತ್ತಾರೆ. ಅದನ್ನು ಮನೆಯಲ್ಲಿ ಮಾಡಲೇಬೇಡಿ. ನೀರಿನಲ್ಲಿ ತೇಲಿದ ಬೀಜವೆಲ್ಲ ಜೊಳ್ಳು ಎಂಬ ಮಾತನ್ನೂ ಪೂರ್ತಿ ನಂಬಬೇಡಿ, ಒಳಗೆ ಗಾಳಿ ಸಿಕ್ಕಿಕೊಂಡರೆ ಒಳ್ಳೆಯ ಬೀಜವೂ ತೇಲಬಹುದು. ಸಂಶಯವಿದ್ದರೆ ಒಂದೆರಡನ್ನು ಕತ್ತರಿಸಿ ನೋಡಿ. ಒಳಗೆ ಗಟ್ಟಿಯಾಗಿ ಬೆಳ್ಳಗಿದ್ದರೆ ಉಳಿದವುಗಳ ಮೇಲೆ ಭರವಸೆ ಇಡಬಹುದು.

ಮೂರನೆಯ ತಡೆ ಬೆಳಕು. ಇದು ಕಾಡಿನ ವಿಶೇಷ. ಮರಗಳ ಎಲೆಗಳು ಬಿಸಿಲಿನ ಕೆಂಪು ಬೆಳಕನ್ನು, ಸುಮಾರು 660 ನ್ಯಾನೊಮೀಟರಿನದ್ದನ್ನು, ಹೀರಿಕೊಳ್ಳುತ್ತವೆ. ಸುಮಾರು 730 ನ್ಯಾನೊಮೀಟರಿನ ಅತಿಕೆಂಪು ಬೆಳಕು ಮಾತ್ರ ಎಲೆ ದಾಟಿ ನೆಲಕ್ಕೆ ಬರುತ್ತದೆ. ಬೀಜದೊಳಗಿನ ಫೈಟೊಕ್ರೋಮ್ ಎಂಬ ವರ್ಣದ್ರವ್ಯ ಈ ಎರಡನ್ನು ಬೇರೆ ಮಾಡಿ ತಿಳಿಯುತ್ತದೆ. 1952ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್‌ನಲ್ಲಿ ಬೋರ್ತ್‌ವಿಕ್, ಹೆಂಡ್ರಿಕ್ಸ್ ಮತ್ತು ಸಂಗಡಿಗರು ಲೆಟ್ಯೂಸ್ ಬೀಜಗಳ ಮೇಲೆ ಇದನ್ನು ತೋರಿಸಿದರು: ಕೆಂಪು ಬೆಳಕು ಕೊಟ್ಟರೆ ಮೊಳೆಯುತ್ತದೆ, ಅದರ ಹಿಂದೆಯೇ ಅತಿಕೆಂಪು ಕೊಟ್ಟರೆ ನಿಲ್ಲುತ್ತದೆ, ಮತ್ತೆ ಕೆಂಪು ಕೊಟ್ಟರೆ ಮೊಳೆಯುತ್ತದೆ. ಕಾಡಿನಲ್ಲಿ ಇದರ ಅರ್ಥ, ಒಂದು ಮರ ಬಿದ್ದು ಮೇಲೆ ಕಿಂಡಿ ತೆರೆದ ದಿನ ಕೆಳಗಿನ ಬೀಜಕ್ಕೆ ಸುದ್ದಿ ಮುಟ್ಟುತ್ತದೆ. ಧೂಳಿನಂಥ ಸಣ್ಣ ಬೀಜಗಳಲ್ಲಿ ಈ ಗುಣ ಹೆಚ್ಚು, ಏಕೆಂದರೆ ಆಳದಿಂದ ಎದ್ದುಬರುವಷ್ಟು ಬುತ್ತಿ ಅವುಗಳಲ್ಲಿಲ್ಲ. ನಮ್ಮ ಮುರಕಲ್ಲು ಗುಡ್ಡಗಳ ನೆಕ್ಕರಿಕ ಅಂಥದ್ದು. ನೇರಳೆ ಹೂವಿನ ಈ ಗಿಡದ ಹಣ್ಣು ತಿಂದು ನಾಲಗೆ ಕಪ್ಪು ಮಾಡಿಕೊಂಡವರು ನಿಮ್ಮಲ್ಲೂ ಇದ್ದೀರಿ. ಅದರ ವೈಜ್ಞಾನಿಕ ಹೆಸರು ಮೆಲಸ್ಟೋಮ, ಗ್ರೀಕ್ ಭಾಷೆಯಲ್ಲಿ ಕರಿಬಾಯಿ ಎಂದೇ ಅರ್ಥ. ಹಣ್ಣನ್ನು ನೀರಿನಲ್ಲಿ ಕಿವುಚಿ, ತೆಳು ಬಟ್ಟೆಯಲ್ಲಿ ಸೋಸಿ, ಬೀಜವನ್ನು ಒದ್ದೆ ಮಣ್ಣಿನ ಮೇಲೆ ಚಿಮುಕಿಸಿ. ಮೇಲೆ ಮಣ್ಣು ಹಾಕಬೇಡಿ. ಒಂದು ಗಾಜಿನ ತುಂಡು ಮುಚ್ಚಿದರೆ ತೇವ ನಿಲ್ಲುತ್ತದೆ.

ಮಣ್ಣಿನ ಬಗ್ಗೆ ಹಿರಿಯರ ಸುಡುಮಣ್ಣು ಇಂದಿಗೂ ಉತ್ತಮ. ಜರಡಿ ಹಿಡಿದ ಸುಡುಮಣ್ಣಿಗೆ ಅಷ್ಟೇ ಮರಳು, ಸ್ವಲ್ಪ ತೆಂಗಿನ ನಾರಿನ ಹುಡಿ. ಸುಟ್ಟಿರುವುದರಿಂದ ಸಸಿಯ ಬುಡ ಕೊಳೆಸುವ ಶಿಲೀಂಧ್ರ ಕಡಿಮೆ, ಮತ್ತೊಂದು ಉಪಕಾರವೆಂದರೆ ಮಣ್ಣಿನಲ್ಲಿದ್ದ ಕಳೆಬೀಜಗಳು ಸತ್ತಿರುತ್ತವೆ. ಇಲ್ಲದಿದ್ದರೆ ಚಟ್ಟಿಯಲ್ಲಿ ಎದ್ದ ಯಾವುದೋ ಕಳೆಗೆ ಎರಡು ತಿಂಗಳು ನೀರೆರೆದು ಕೂರಬೇಕಾಗುತ್ತದೆ. ತೂತು ಮಾಡಿದ ಗೆರಟೆ, ಹಾಲಿನ ಖಾಲಿ ಪ್ಯಾಕೆಟ್ ಸಾಕು. ನೀರನ್ನು ಸುರಿಯಬೇಡಿ, ಚಿಮುಕಿಸಿ.

ಇದನ್ನು ಪ್ರಾಜೆಕ್ಟ್ ಆಗಿ ಮಾಡುವವರು 20 ಬೀಜಕ್ಕೆ ಚಿಕಿತ್ಸೆ ಕೊಟ್ಟರೆ ಅದೇ ಕಾಯಿಯ ಇನ್ನು 20 ಬೀಜವನ್ನು ಏನೂ ಮಾಡದೆ ಅದೇ ಮಣ್ಣಿನಲ್ಲಿ, ಅದೇ ಜಾಗದಲ್ಲಿ ಬಿತ್ತಬೇಕು. ಉಜ್ಜಿದ ಕಕ್ಕೆ 20ರಲ್ಲಿ 14 ಮೊಳೆಯಿತು ಎಂದರೆ ಪಕ್ಕದ ಸಾಲು ನೋಡದೆ ಅದಕ್ಕೆ ಅರ್ಥವಿಲ್ಲ. ಬಿತ್ತಿದ ದಿನ, ಬೀಜ ಸಿಕ್ಕಿದ ಜಾಗ, ತಿಂಗಳು, ಪ್ರತಿ ಮೊಳಕೆಯ ದಿನಾಂಕ ಬರೆದಿಡಿ. ಮೊಳೆಯದೆ ಉಳಿದವನ್ನು ಎಸೆಯದೆ ಇನ್ನೊಂದು ಮಳೆಗಾಲ ಕಾಯಿರಿ, ಆ ಚಟ್ಟಿಯ ಫಲಿತಾಂಶ ನಿಮ್ಮ ತಮ್ಮನೋ ತಂಗಿಯೋ ಬರೆಯಲಿ.

ಇನ್ನೊಂದು ಗಂಭೀರ ಮಾತು. ಬೇಲಿಯಲ್ಲಿ ಸಿಗುವ ಕೆಂಪು ಕರಿ ಗುಲಗಂಜಿಯ ಸಿಪ್ಪೆಯೂ ಕಕ್ಕೆಯಂತೆ ಗಟ್ಟಿ. ಅದನ್ನು ಉಜ್ಜುವುದು, ಕತ್ತರಿಸುವುದು, ಜಜ್ಜುವುದು ಯಾವುದನ್ನೂ ಮಾಡಬಾರದು. ಒಳಗಿರುವ ಅಬ್ರಿನ್ ಅತ್ಯಂತ ಕಡಿಮೆ ಪ್ರಮಾಣದಲ್ಲೂ ಕೊಲ್ಲುವ ವಿಷ, ಸಿಪ್ಪೆ ಒಡೆದಾಗಲೇ ಅದರ ಅಪಾಯ. ಅಗ್ನಿಶಿಖೆಯ ಗೆಡ್ಡೆ, ಬೀಜ, ಎಲೆ ಎಲ್ಲದರಲ್ಲೂ ಕೊಲ್ಚಿಸಿನ್ ಇದೆ. ಕೋಶವಿಭಜನೆಯನ್ನು ಮೆಟಾಫೇಸ್‌ನಲ್ಲಿ ನಿಲ್ಲಿಸಲು ಪ್ರಯೋಗಾಲಯದಲ್ಲಿ ಬಳಸುವ ವಸ್ತು ಇದೇ. ಸಣ್ಣ ಮಕ್ಕಳು, ಆಡು, ದನ ಇರುವ ಮನೆಯಲ್ಲಿ ಈ ಎರಡೂ ಬೇಡ.

ಸೀತಾಳೆ ದಂಡೆಯಂಥ ಆರ್ಕಿಡ್ ಹೂವನ್ನು ಬೀಜದಿಂದ ಬೆಳೆಸಬಹುದೇ ಎಂದು ಕೇಳುವವರಿದ್ದಾರೆ. ಮನೆಯಲ್ಲಿ ಆಗದು. ಒಂದು ಕಾಯಿಯಲ್ಲಿ ಸಾವಿರಾರು ಬೀಜಗಳಿದ್ದರೂ ಒಂದರಲ್ಲೂ ಎಂಡೋಸ್ಪರ್ಮ್ ಇಲ್ಲ, ಮೊಳಕೆಗೆ ಆಹಾರ ಕೊಡಲು ಒಂದು ಶಿಲೀಂಧ್ರ ಬರಬೇಕು. ಇದನ್ನು 1899ರಲ್ಲಿ ಫ್ರಾನ್ಸಿನ ನೋಯೆಲ್ ಬರ್ನಾರ್ಡ್ ಕಂಡುಹಿಡಿದರು. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಶಿಲೀಂಧ್ರದ ಬದಲು ಸಕ್ಕರೆ ಬೆರೆಸಿದ ಮಾಧ್ಯಮದಲ್ಲಿ, ಕ್ರಿಮಿರಹಿತ ಗಾಜಿನ ಪಾತ್ರೆಯಲ್ಲಿ ಮೊಳೆಯಿಸಿ ತೋರಿಸಿದರು. ಕಾಡಿನ ಕೊಂಬೆಯಿಂದ ದಂಡೆ ಕಿತ್ತು ತಂದು ಮನೆಯ ಮಾವಿನ ಮರಕ್ಕೆ ಕಟ್ಟುವುದು ಬೆಳೆಸುವುದಲ್ಲ.

ಬೀಜ ತರುವಾಗಲೂ ಇದೇ ಎಚ್ಚರ ಇರಲಿ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಿಂದ ಏನನ್ನೂ ತೆಗೆಯುವಂತಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಮೀಸಲು ಅರಣ್ಯಕ್ಕೂ ಅನುಮತಿ ಇಲ್ಲದೆ ಕೈ ಹಾಕಬೇಡಿ. ನಿಮ್ಮದೇ ಹಿತ್ತಿಲು, ತೋಟದ ಅಗಳು, ಜೆಸಿಬಿ ಬರಲಿರುವ ನಿವೇಶನದ ಗುಡ್ಡ ಸಾಕಷ್ಟು ಕೊಡುತ್ತದೆ. ಹತ್ತು ಕಾಯಿ ಇದ್ದರೆ ಒಂದೆರಡು ತನ್ನಿ, ಉಳಿದದ್ದು ಗಿಡದ ಪಾಲು. ಕಡಿಯಲಿರುವ ಗುಡ್ಡವಾದರೆ, ಜಾಗದ ಯಜಮಾನರನ್ನು ಕೇಳಿ, ಸಿಕ್ಕಿದ್ದೆಲ್ಲವನ್ನೂ ತನ್ನಿ. ಲಕೋಟೆಯ ಮೇಲೆ ಊರು ಮತ್ತು ತಿಂಗಳು ಬರೆದು ಜೀವಶಾಸ್ತ್ರ ಪ್ರಯೋಗಾಲಯದಲ್ಲಿ ಕೊಡಿ. ಮೇ ಕೊನೆಯ ತನಕ ಒಣ ಕಪಾಟಿನಲ್ಲಿ ಇಟ್ಟು, ಮಳೆ ಹಿಡಿದ ವಾರ ಒಟ್ಟಿಗೆ ಬಿತ್ತೋಣ.