ಕೂಲಿಕಾರನ ಮನೋವ್ಯಾಧಿ

ದುಡಿದು ಉಣ್ಣುವ ಬಡ ಗೃಹಸ್ಥನಿಗೆ ಮನೋವ್ಯಾಧಿ ತಗುಲಿದಾಗ ಅವನು ಅದನ್ನು ಆ ಹೆಸರಿನಿಂದ ಕರೆಯನು. ಎದೆ ಉರಿಯುತ್ತದೆನ್ನುವನು, ನಿದ್ದೆ ಹತ್ತದೆನ್ನುವನು, ಕೈಕಾಲು ಸೋತವೆನ್ನುವನು. ಮನೆಯವರ ಮೇಲೆ ಸಿಡುಕುವನು. ಕೆಲವರು ಸಂಜೆಯಾದೊಡನೆ ಸೆರೆಯಂಗಡಿಯ ಹಾದಿ ಹಿಡಿಯುವರು. ಊರವರು ಅವನನ್ನು ಕುಡುಕನೆಂದೋ ಮೈಗಳ್ಳನೆಂದೋ ತೀರ್ಮಾನಿಸಿಬಿಡುವರು. ಒಳಗಿರುವುದು ಖಿನ್ನತೆಯೆಂಬ ರೋಗವೆಂದು ಅವನಿಗೂ ಹೊಳೆಯದು, ಅವರಿಗೂ ಹೊಳೆಯದು.

ಸದ್ಭಕ್ತರು ಇದನ್ನು ಅಲ್ಪ ವಿಷಯವೆಂದು ಬಗೆಯಲಾಗದು. 2021ರಲ್ಲಿ ಭಾರತದಲ್ಲಿ ಆತ್ಮಹತ್ಯೆಯಿಂದ ಮಡಿದವರು 1,64,033 ಮಂದಿಯೆಂದು ಸರಕಾರದ ಲೆಕ್ಕವುಂಟು. ಅವರಲ್ಲಿ 42,004 ಮಂದಿ ದಿನಗೂಲಿಯವರು. ಮಡಿದವರಲ್ಲಿ ಗಂಡಸರ ಪಾಲು ಮೂರರಲ್ಲಿ ಎರಡಕ್ಕೂ ಮಿಗಿಲು. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಾದರೋ, ಮನೋವ್ಯಾಧಿಯುಳ್ಳವರಲ್ಲಿ ಬಹುಮಂದಿಗೆ ಚಿಕಿತ್ಸೆಯೇ ದೊರೆತಿಲ್ಲವೆಂದು ಕಂಡುಕೊಂಡಿತು.

ಅವನು ವೈದ್ಯನ ಬಳಿಗೆ ಏಕೆ ಹೋಗನು? ಲಜ್ಜೆಯೊಂದೇ ಕಾರಣವೆನ್ನುವುದು ಉಳ್ಳವರ ವಾಡಿಕೆ. ಆದರೆ ಅವನ ಲೆಕ್ಕ ಬೇರೆಯೇ ಉಂಟು. ಜಿಲ್ಲೆಯ ಆಸ್ಪತ್ರೆಗೆ ಹೋದ ದಿನ ಕೂಲಿಯಿಲ್ಲ, ಬಸ್ಸಿನ ಖರ್ಚು ಮೇಲೆ. ಮರುದಿನ ಬರುವಷ್ಟರಲ್ಲಿ ಮೇಸ್ತ್ರಿಯು ಬೇರೊಬ್ಬನನ್ನು ಕೆಲಸಕ್ಕೆ ಹಚ್ಚಿರುವನು. ಖಿನ್ನತೆಯ ಔಷಧಿಯು ಫಲ ತೋರಲು ಎರಡರಿಂದ ನಾಲ್ಕು ವಾರಗಳು ಬೇಕು. ಎಂಟು ದಿನ ನುಂಗಿ ಗುಣ ಕಾಣದವನು ಹಣ ವ್ಯರ್ಥವಾಯಿತೆಂದು ಬಿಟ್ಟುಬಿಡುವನು. ಕೆಲವು ಗುಳಿಗೆಗಳಿಂದ ತೂಕಡಿಕೆ ಬರುವುದುಂಟು. ಸಾರುವೆಯ ಮೇಲೆ ನಿಂತು ಗಾರೆ ಮೆತ್ತುವವನು ಆ ತೂಕಡಿಕೆಗೆ ಹೆದರಿದರೆ ಅದು ಅಜ್ಞಾನವಲ್ಲ, ವಿವೇಕವೇ ಸರಿ! ಅದನ್ನು ವೈದ್ಯನಿಗೆ ತಿಳಿಸಿದರೆ ಗುಳಿಗೆಯನ್ನಾಗಲಿ ನುಂಗುವ ವೇಳೆಯನ್ನಾಗಲಿ ಬದಲಿಸಿಕೊಡಲು ಬರುವುದು. ಹೇಳಲು ಅವನಿಗೆ ಬಾಯಿ ಬಾರದು, ಕೇಳಲು ಜನನಿಬಿಡ ಆಸ್ಪತ್ರೆಯಲ್ಲಿ ವೈದ್ಯನಿಗೆ ಪುರುಸೊತ್ತಿರದು.

ಲಜ್ಜೆಯೂ ಇಲ್ಲವೆಂದಲ್ಲ. ‘ಹುಚ್ಚಾಸ್ಪತ್ರೆ’ ಎಂಬ ಒಂದು ಶಬ್ದಕ್ಕಂಜಿ, ಮಗಳ ಲಗ್ನ ಮುರಿದೀತೆಂದು ಬಾಯಿ ಮುಚ್ಚಿಕೊಂಡ ತಂದೆಗಳು ಎಷ್ಟೋ ಮಂದಿ. ಕಾಯಕವನ್ನು ಪೂಜೆಯೆಂದು ನಂಬಿದ ಸಮಾಜದಲ್ಲಿ ದುಡಿಯಲಾರದವನ ನಾಚಿಕೆ ಇಮ್ಮಡಿಯಾಗುವುದು. ಶರಣರು ಕಾಯಕಕ್ಕೆ ಕೊಟ್ಟ ಹಿರಿಮೆಯು ಸೋಮಾರಿಗೆ ಎಚ್ಚರಿಕೆಯೇ ಹೊರತು ರೋಗಿಗೆ ದಂಡನೆಯಲ್ಲ. ಈ ಭೇದವನ್ನರಿಯದೆ ರೋಗಿಯ ಮುಂದೆ ಕಾಯಕದ ಉಪದೇಶ ಮಾಡುವವರು ಅವನ ಗಾಯಕ್ಕೆ ಉಪ್ಪು ಸವರುವರು.

ಹೋಗುವವರೂ ಇದ್ದಾರೆ. ಹೆಂಡತಿಯೋ ಅಣ್ಣನೋ ಜೊತೆಗೂಡಿದಾಗ, ಗುಣ ಹೊಂದಿ ಕೆಲಸಕ್ಕೆ ಮರಳಿದ ಅದೇ ಕೇರಿಯವನು ತನ್ನ ಅನುಭವ ಹೇಳಿದಾಗ, ಚಿಕಿತ್ಸೆಯು ಊರ ಹತ್ತಿರವೇ ದೊರೆತಾಗ ಅವರ ಹೆಜ್ಜೆ ಮುಂದಾಗುವುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗದ ತಿರುಳು ಇದೇ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಶಿಕ್ಷಣವಿತ್ತು, ಜ್ವರಕ್ಕೆ ಔಷಧಿ ಕೊಡುವಲ್ಲಿಯೇ ಮನೋವ್ಯಾಧಿಗೂ ಔಷಧಿ ದೊರೆಯುವಂತೆ ಮಾಡಿದರು. ಅದೇ ಮಾದರಿಯಿಂದ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಹುಟ್ಟಿತು. ಜ್ವರದವರ ಸಾಲಿನಲ್ಲಿ ನಿಂತವನನ್ನು ಯಾರು ಬೊಟ್ಟು ಮಾಡಿ ತೋರಿಸಬಲ್ಲರು?

ರೋಗಿಯ ಗುಟ್ಟನ್ನು ಕಾಪಾಡಬೇಕೆಂದು 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯು ವಿಧಿಸಿದೆ. 2022ರಿಂದ ‘ಟೆಲಿ ಮಾನಸ್’ ಎಂಬ ದೂರವಾಣಿಯೂ ಉಂಟು. ಅದರ ಸಂಖ್ಯೆ 14416. ಹಗಲಿನ ಕೂಲಿ ತಪ್ಪಿಸದೆ, ರಾತ್ರಿ ಮನೆಯವರೆಲ್ಲ ಮಲಗಿದ ಮೇಲೂ ಅದರಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಬೀಳದು.